ಜೇನಿನ ಪರೀಕ್ಷೆಯ ವೆಚ್ಚವನ್ನು ವರ್ತಕರೇ ಭರಿಸಲಿ

ಜೊಯಿಡಾ ಎಂಬ ಹೆಸರಿಗೆ ಇಂದು ಪೇಟೆಯಲ್ಲಿ ತನ್ನದೇ ಆದ ಬೆಲೆಯುಂಟು. ಹುಬ್ಬಳ್ಳಿ, ಬೆಳಗಾವಿ, ಗೋವೆಗಳ ಗ್ರಾಹಕರು ಜೇನಿನ ಬಾಟಲಿಯ ಮೇಲೆ ಈ ತಾಲ್ಲೂಕಿನ ಹೆಸರನ್ನು ಕಂಡರೆ ನಾಲ್ಕು ಕಾಸು ಹೆಚ್ಚು ತೆರಲು ಹಿಂಜರಿಯುವುದಿಲ್ಲ. ಹೀಗೆ ತೆರುವ ಹೆಚ್ಚಿನ ಹಣ ಜೇನಿನ ಸಿಹಿಗೆ ಸಲ್ಲುವುದಲ್ಲ. ಕಾಳಿ ಕೊಳ್ಳದ ಕಾಡು ನಿರ್ಮಲವಾದುದು, ಅಲ್ಲಿ ಕೀಟನಾಶಕದ ಸೋಂಕಿಲ್ಲ ಎಂಬ ನಂಬಿಕೆಗೆ ಸಲ್ಲುವುದು. ಆ ನಂಬಿಕೆಯನ್ನು ಬಾಟಲಿಗೆ ತುಂಬಿ ಮಾರುತ್ತಿರುವವರು ನಾವು ವರ್ತಕರು. ಅದಕ್ಕೆ ಆಧಾರವೇನೆಂದು ಯಾರಾದರೂ ಕೇಳಿದರೆ ತೆಗೆದು ತೋರಿಸಲು ನಮ್ಮಲ್ಲಿ ಎಷ್ಟು ಜನರ ಬಳಿ ಪ್ರಯೋಗಾಲಯದ ಒಂದು ಹಾಳೆಯಿದೆ? ತೇವಾಂಶ, ಸಕ್ಕರೆಯ ಪ್ರಮಾಣ ಇವುಗಳ ವರದಿ ಕೆಲವರಲ್ಲಿ ಇದ್ದೀತು. ಕೀಟನಾಶಕದ ಉಳಿಕೆಯ ವರದಿ ಇಟ್ಟುಕೊಂಡವರನ್ನು ಹುಡುಕಬೇಕಾದೀತು.

ಈ ಲೇಖನದ ವಾದ ಸರಳವಾದುದು. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಜೇನನ್ನು ಪ್ರತಿವರ್ಷ ಕೀಟನಾಶಕದ ಉಳಿಕೆಗಾಗಿ ಪರೀಕ್ಷಿಸಬೇಕು. ಅದರ ವೆಚ್ಚವನ್ನು ನಮ್ಮ ಸಂಸ್ಥೆಯ ಸದಸ್ಯರೇ ಭರಿಸಬೇಕು. ಫಲಿತಾಂಶ ಸಿಹಿಯಾಗಿರಲಿ, ಕಹಿಯಾಗಿರಲಿ, ಇದೇ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಜೇನು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದಷ್ಟೇ ಇದರ ಉದ್ದೇಶವಲ್ಲ. ಜೇನು ಹುಟ್ಟಿದ ನೆಲ ಹೇಗಿದೆ ಎಂಬುದನ್ನು ಅದರ ಮೂಲಕ ತಿಳಿಯುವುದು ಮುಖ್ಯ ಉದ್ದೇಶ. ನಾವು ಮಾರುವ ಮೆಣಸು, ಅಡಿಕೆ, ಗೆಡ್ಡೆಗೆಣಸು, ಬೆಲ್ಲ, ಮೆಕ್ಕೆಜೋಳ ಎಲ್ಲವೂ ಬೆಳೆಯುವುದು ಅದೇ ನೆಲದಲ್ಲಿ ತಾನೆ?

ಜೇನಿನಿಂದ ನೆಲದ ಸ್ಥಿತಿ ತಿಳಿಯುವ ಬಗೆ ಹೇಗೆಂದು ಕೆಲವರು ಕೇಳಬಹುದು. ನಮ್ಮ ಭಾಗದ ತುಡುವೆ ಜೇನು ಸಾಮಾನ್ಯವಾಗಿ ತನ್ನ ಗೂಡಿನಿಂದ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಮೇಯುತ್ತದೆ. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತವೆಂದರೆ 314 ಹೆಕ್ಟೇರ್, ಅಂದರೆ 775 ಎಕರೆಯಷ್ಟು ಭೂಮಿ. ಸಾವಿರಾರು ನೊಣಗಳು ದಿನವಿಡೀ ಈ ಕ್ಷೇತ್ರದ ಹೂಗಳಿಂದ ಮಕರಂದ, ಪರಾಗ, ಕೊಳ್ಳಗಳಿಂದ ನೀರು ಹೊತ್ತು ತರುತ್ತವೆ. ಒಂದು ಕಿಲೋ ಜೇನು ಸಿದ್ಧವಾಗಬೇಕಾದರೆ ಲಕ್ಷಾಂತರ ಹೂಗಳ ಭೇಟಿ ಆಗಿರಬೇಕು. ಅಧಿಕಾರಿಯೊಬ್ಬರು ಒಂದು ಹೊಲದ ನಾಲ್ಕು ಮೂಲೆಗಳಿಂದ ಮಣ್ಣು ತೆಗೆದರೆ ಅದು ಆ ನಾಲ್ಕು ಮೂಲೆಗಳ ಮಾತನ್ನು ಹೇಳುತ್ತದೆ. ಒಂದು ಪೆಟ್ಟಿಗೆಯ ಜೇನು 775 ಎಕರೆಯ ಮಾತನ್ನು ಹೇಳುತ್ತದೆ. ಅಷ್ಟು ಭೂಮಿಯ ಮಾದರಿಯನ್ನು ಸಂಗ್ರಹಿಸಲು ಕೂಲಿ ಆಳುಗಳನ್ನು ನೇಮಿಸಿದರೆ ಎಷ್ಟು ವೆಚ್ಚವಾದೀತೆಂದು ವ್ಯವಹಾರಸ್ಥರಾದ ತಮಗೆ ವಿವರಿಸಬೇಕಾಗಿಲ್ಲ.

ಇದೇನೂ ಹೊಸ ಆಲೋಚನೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಪ್ರದೇಶದಲ್ಲಿ ಜೆರಿ ಬ್ರೊಮೆನ್‌ಶೆಂಕ್ ಮತ್ತು ಸಂಗಡಿಗರು ಸ್ಥಳೀಯ ಜೇನು ಸಾಕಣೆದಾರರ ನೆರವಿನಿಂದ ಆರ್ಸೆನಿಕ್, ಕ್ಯಾಡ್ಮಿಯಂ, ಫ್ಲೋರೈಡ್ ಮಾಲಿನ್ಯದ ಹರವನ್ನು ಗುರುತಿಸಿ 1985ರಲ್ಲಿ ಪ್ರಕಟಿಸಿದರು. ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಜಾರ್ಜಿಯೋ ಚೆಲ್ಲಿ ಮತ್ತು ಕ್ಲಾಡಿಯೋ ಪೊರಿನಿ 1980ರ ದಶಕದಿಂದಲೇ ಕೀಟನಾಶಕಗಳ ಬಳಕೆಯ ಮೇಲೆ ಜೇನುನೊಣಗಳ ಮೂಲಕ ನಿಗಾ ಇಡುವ ಪದ್ಧತಿಯನ್ನು ಬೆಳೆಸಿದರು. ಜರ್ಮನಿಯ ಹ್ಯಾಂಬರ್ಗ್ ವಿಮಾನ ನಿಲ್ದಾಣವು ಸುತ್ತಲಿನ ಗಾಳಿಯ ಗುಣಮಟ್ಟವನ್ನು ಅರಿಯಲು ಜೇನುಪೆಟ್ಟಿಗೆಗಳನ್ನಿಟ್ಟು ಜೇನನ್ನು ಪರೀಕ್ಷೆಗೆ ಕಳುಹಿಸುವ ಪರಿಪಾಠವನ್ನು ಇಟ್ಟುಕೊಂಡಿತು. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯಕ್ಕೆ ಬೆಂಕಿ ಬಿದ್ದು ಚಾವಣಿಯ ಸೀಸ ಹೊಗೆಯಾಗಿ ಹಾರಿದಾಗ, ಹೊಗೆ ಸಾಗಿದ ದಿಕ್ಕಿನಲ್ಲಿದ್ದ ಪೆಟ್ಟಿಗೆಗಳ ಜೇನಿನಲ್ಲಿ ಸೀಸದ ಅಂಶ ಏರಿದ್ದು ಪತ್ತೆಯಾಯಿತು.

ನಮಗೆ ಹೆಚ್ಚು ಸಂಬಂಧಿಸಿದ್ದು 2017ರ ಅಕ್ಟೋಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ. ಸ್ವಿಟ್ಜರ್ಲೆಂಡಿನ ನೆಶಾಟೆಲ್‌ನ ಸಂಶೋಧಕರು ಜಗತ್ತಿನ ನಾನಾ ಭಾಗಗಳಿಂದ ಬಂದ 198 ಜೇನಿನ ಮಾದರಿಗಳಲ್ಲಿ ನಿಯೋನಿಕೋಟಿನಾಯ್ಡ್ ವರ್ಗದ ಐದು ಕೀಟನಾಶಕಗಳನ್ನು ಹುಡುಕಿದರು. ಶೇಕಡಾ 75ರಷ್ಟು ಮಾದರಿಗಳಲ್ಲಿ ಕನಿಷ್ಠ ಒಂದು ದೊರೆಯಿತು. ಹತ್ತರಲ್ಲಿ ಒಂದು ಮಾದರಿಯಲ್ಲಿ ನಾಲ್ಕು ಅಥವಾ ಐದೂ ಇದ್ದವು. ಬಹುತೇಕ ಮಾದರಿಗಳಲ್ಲಿ ಪ್ರಮಾಣವು ಮನುಷ್ಯರಿಗೆ ವಿಧಿಸಿದ ಮಿತಿಯ ಒಳಗೇ ಇತ್ತೆಂಬುದನ್ನೂ ಹೇಳಬೇಕು. ಭೀತಿ ಹುಟ್ಟಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಈ ಮಾದರಿಗಳಲ್ಲಿ ದೂರದ ದ್ವೀಪಗಳ ಜೇನೂ ಇತ್ತು. 'ನಮ್ಮದು ಕಾಡು, ನಮ್ಮಲ್ಲಿ ಏನೂ ಇರಲಾರದು' ಎಂಬ ಮಾತನ್ನು ಪರೀಕ್ಷಿಸದೆ ಆಡುವುದು ಈ ಅಧ್ಯಯನದ ನಂತರ ಕಷ್ಟ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಇಂತಹ ಪರೀಕ್ಷೆಗೆ ಇವುಗಳಷ್ಟು ತಕ್ಕ ಪ್ರದೇಶ ಸುಲಭವಾಗಿ ದೊರೆಯದು. ಪಶ್ಚಿಮಕ್ಕೆ ಜೊಯಿಡಾ: ಬಹುಪಾಲು ದಟ್ಟ ಅರಣ್ಯ, 2007ರಲ್ಲಿ ಘೋಷಿತವಾಗಿ 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶ, ನಡುನಡುವೆ ಕುಣಬಿ, ಗೌಳಿ, ಸಿದ್ದಿ ಜನರ ಸಣ್ಣ ಗದ್ದೆಗಳು, ಕಣಿವೆಗಳಲ್ಲಿ ಅಡಿಕೆ ತೋಟಗಳು. ನಡುವೆ ದಾಂಡೇಲಿ: ಕಾಗದದ ಕಾರ್ಖಾನೆಯ ಊರು. ಪೂರ್ವಕ್ಕೆ ಹಳಿಯಾಳ ಮತ್ತು ಮುಂಡಗೋಡ: ಭತ್ತ, ಕಬ್ಬು, ಮೆಕ್ಕೆಜೋಳ, ಹತ್ತಿಯ ಬಯಲು. ಉಳವಿಯಿಂದ ಹೊರಟು ಹಳಿಯಾಳದ ತೇರಗಾಂವ ತಲುಪುವಷ್ಟರಲ್ಲಿ ಮಳೆ, ಮಣ್ಣು, ಬೆಳೆ, ಕೃಷಿಯ ಕ್ರಮ ಎಲ್ಲವೂ ಬದಲಾಗುತ್ತವೆ. ಈ ದಾರಿಯುದ್ದಕ್ಕೂ ಅಲ್ಲಲ್ಲಿ ತುಡುವೆ ಪೆಟ್ಟಿಗೆಗಳನ್ನಿಟ್ಟರೆ, ಕೀಟನಾಶಕವು ಎಲ್ಲಿ ಆರಂಭವಾಗಿ ಎಲ್ಲಿಯವರೆಗೆ ಚಾಚಿದೆ ಎಂಬ ನಕ್ಷೆಯನ್ನೇ ಬರೆಯಬಹುದು.

ಆ ನಕ್ಷೆಯಲ್ಲಿ ಹುಡುಕಬೇಕಾದ್ದು ಏನು? 2018ರ ಮೇ ತಿಂಗಳಿನಲ್ಲಿ ಭಾರತದಲ್ಲಿ ಮೊತ್ತಮೊದಲಿಗೆ ಫಾಲ್ ಸೈನಿಕ ಹುಳು ಕಂಡುಬಂದದ್ದು ನಮ್ಮದೇ ರಾಜ್ಯದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅಲ್ಲಿಯವರೆಗೆ ಮೆಕ್ಕೆಜೋಳವೆಂದರೆ ಔಷಧ ಹೊಡೆಯದೆ ಬೆಳೆಯಬಹುದಾದ ನಿಶ್ಚಿಂತೆಯ ಬೆಳೆ ಎಂಬ ಭಾವನೆ ಅನೇಕ ರೈತರಲ್ಲಿತ್ತು. ಆ ಹುಳು ಬಂದ ನಂತರ ಸುಳಿಗೆ ಎಮಾಮೆಕ್ಟಿನ್ ಬೆಂಜೊಯೇಟ್ ಮುಂತಾದವನ್ನು ಸಿಂಪಡಿಸುವುದು ವಾಡಿಕೆಯಾಯಿತು. ಮೆಕ್ಕೆಜೋಳದ ಹೂವಿನಲ್ಲಿ ಮಕರಂದವಿಲ್ಲದಿದ್ದರೂ ಜೇನುನೊಣಗಳು ಅದರ ಪರಾಗವನ್ನು ಆಸೆಯಿಂದ ಒಯ್ಯುತ್ತವೆ. ಹತ್ತಿಯ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಲೇಪಿಸಿಯೇ ಮಾರುವುದು ರೂಢಿ. ಕಬ್ಬಿನಲ್ಲಿ ಗೊಣ್ಣೆಹುಳುವಿಗೆಂದು ಬುಡಕ್ಕೇ ಔಷಧ ಸುರಿಯುತ್ತಾರೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ಗಳು ನೀರಿನಲ್ಲಿ ಕರಗಿ ಗಿಡದ ಮೈಯೆಲ್ಲ ಹರಿಯುವ ಗುಣವುಳ್ಳವು. ಬೇರಿನಿಂದ ಹೂವಿನ ಮಕರಂದದವರೆಗೆ ತಲುಪುವವು. ಬೀಜಕ್ಕೆ ಲೇಪಿಸಿದ್ದರಲ್ಲಿ ಬೆಳೆ ಹೀರಿಕೊಳ್ಳುವುದು ಸಾಮಾನ್ಯವಾಗಿ ಐದನೆಯ ಒಂದು ಪಾಲಿಗಿಂತ ಕಡಿಮೆ, ಮಿಕ್ಕದ್ದು ಮಣ್ಣಿಗೆ, ಹಳ್ಳಕ್ಕೆ ಸೇರುತ್ತದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿಕೊಟ್ಟಂತೆ ಹೊಲದ ಬದುವಿನ ಕಾಡುಹೂಗಳೂ ಅದನ್ನು ಹೀರಿಕೊಂಡಿರುತ್ತವೆ. ಅಂದಮೇಲೆ ಸಿಂಪಡಿಸಿದವನ ಬೇಲಿಯೊಳಗೇ ಇದು ಉಳಿಯುವುದೆಂದು ನಂಬುವಂತಿಲ್ಲ.

ಹಳಿಯಾಳದ ಕಡೆಯ ರೈತರು ಇದನ್ನು 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ. ಮಲೆನಾಡಿನವರು 'ಮದ್ದು ಹೊಡೆಯುವುದು' ಎನ್ನುತ್ತಾರೆ. ವಿಷವೆಂಬ ಪದ ಎರಡೂ ಕಡೆ ಇಲ್ಲ. ನಮ್ಮ ಅಂಗಡಿಗಳ ಫಲಕಗಳಲ್ಲಿಯೂ ಇಲ್ಲ.

ಜೊಯಿಡಾ ಪೂರ್ತಿ ನಿರ್ಮಲವೆಂದೂ ಹೇಳಲಾಗದು. ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದೆ; ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ತೋಟಿಗರಿಗೆ ಕಲಿಸಿದವರು. ಅದು ಸಾವಯವ ಕೃಷಿಯಲ್ಲಿಯೂ ಮಿತಿಗೊಳಪಟ್ಟು ಸಮ್ಮತವಾದುದು. ಆದರೂ ತಾಮ್ರ ತಾಮ್ರವೇ. ಜೇನಿನಲ್ಲಿ ಅದೆಷ್ಟಿದೆ ಎಂದು ನೋಡುವುದರಲ್ಲಿ ತಪ್ಪೇನಿಲ್ಲ. ಜೊಯಿಡಾವನ್ನು ಸಾವಯವ ತಾಲ್ಲೂಕೆಂದು ಬಿಂಬಿಸಬೇಕೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಫಲಕ ಬರೆಸುವ ಮೊದಲು ಅಳತೆಯೊಂದು ಕೈಯಲ್ಲಿರುವುದು ಲೇಸು.

ಈ ವಿಷಯದಲ್ಲಿ ಕನ್ನಡಿಗರಾದ ನಾವು ಮರೆಯಲಾಗದ ನಿದರ್ಶನ ಕಾಸರಗೋಡಿನದು. ಎಣ್ಮಕಜೆ ಪಂಚಾಯತಿಯ ಪಡ್ರೆ ಮೊದಲಾದ ಗ್ರಾಮಗಳ ಸುತ್ತ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1979ರ ಸುಮಾರಿಗೇ ಆ ಭಾಗದ ಕರುಗಳಲ್ಲಿ ಕಂಡ ಅಂಗವೈಕಲ್ಯದ ಬಗೆಗೆ ಬರೆದರು. ಜೇನುನೊಣಗಳು, ಮೀನುಗಳು, ಕಪ್ಪೆಗಳು ಮೊದಲು ಸತ್ತವೆಂದು ಊರವರು ಹೇಳುತ್ತಲೇ ಬಂದರು. ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ರೋಗಿಗಳಲ್ಲಿ ಕಂಡ ಅಸಹಜತೆಗಳನ್ನು ಲೋಕದ ಗಮನಕ್ಕೆ ತಂದರು. ದೇಶದಾದ್ಯಂತ ಆ ಔಷಧವನ್ನು ಸುಪ್ರೀಂ ಕೋರ್ಟು ತಡೆದದ್ದು 2011ರ ಮೇ 13ರಂದು. ಸತ್ತ ನೊಣಕ್ಕೂ ನ್ಯಾಯಾಲಯದ ಆದೇಶಕ್ಕೂ ನಡುವೆ ಸುಮಾರು ಮೂರು ದಶಕಗಳ ಅಂತರ. ಅಷ್ಟೂ ಕಾಲ ಎಂಡೋಸಲ್ಫಾನ್ ಜೇನುನೊಣಗಳಿಗೆ ಮೃದುವಾದ ಔಷಧವೆಂದೇ ಉದ್ಯಮದವರು ವಾದಿಸುತ್ತಿದ್ದರೆಂಬುದನ್ನು ಇಂದು ನೆನೆದರೆ ವಿಷಾದವೆನಿಸುತ್ತದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಇದೇ ಕಥೆ ನಡೆಯಿತು. ನಮ್ಮ ಜಿಲ್ಲೆಯ ಕರಾವಳಿ ತಾಲ್ಲೂಕುಗಳಲ್ಲಿಯೂ ಸಂತ್ರಸ್ತರನ್ನು ಗುರುತಿಸಲಾಗಿದೆ. ಅಲ್ಲಿ ಕೊರತೆಯಾದದ್ದು ಎಚ್ಚರಿಕೆ ಕೊಟ್ಟವರದಲ್ಲ. ಆ ಎಚ್ಚರಿಕೆಯನ್ನು ವರ್ಷ ವರ್ಷವೂ ಅಳೆದು, ತಾರೀಖು ಹಾಕಿ, ಕಡತದಲ್ಲಿ ದಾಖಲಿಸಿಡುವ ಒಂದು ವ್ಯವಸ್ಥೆ ಇರಲಿಲ್ಲ.

ಹಾಗೆಂದು ಜೇನಿನ ಪರೀಕ್ಷೆಯಿಂದ ಎಲ್ಲವೂ ತಿಳಿಯುತ್ತದೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ನೀರಿನಲ್ಲಿ ಕರಗುವ ನಿಯೋನಿಕೋಟಿನಾಯ್ಡ್‌ಗಳು ಜೇನಿನಲ್ಲಿ ಚೆನ್ನಾಗಿ ಕಾಣಸಿಗುತ್ತವೆ. ಆದರೆ ಎಂಡೋಸಲ್ಫಾನ್, ಡಿಡಿಟಿ, ಪೈರಿಥ್ರಾಯ್ಡ್‌ಗಳಂಥ ಕೊಬ್ಬಿನಲ್ಲಿ ಕರಗುವ ವಸ್ತುಗಳು ಜೇನಿಗಿಂತ ಮೇಣದಲ್ಲಿ, ಪರಾಗದಲ್ಲಿ ಹೆಚ್ಚು ಸಂಗ್ರಹವಾಗುತ್ತವೆ. ಆದ್ದರಿಂದ ಜೇನಿನೊಡನೆ ಅದೇ ಪೆಟ್ಟಿಗೆಯ ಹಳೆಯ ಮೇಣವನ್ನೂ ಸಂಗ್ರಹಿಸಿದ ಪರಾಗವನ್ನೂ ಪರೀಕ್ಷಿಸದಿದ್ದರೆ ಅರ್ಧ ಸತ್ಯವಷ್ಟೇ ದೊರೆಯುವುದು. ತೀವ್ರ ವಿಷ ತಗುಲಿದ ನೊಣ ಗೂಡಿಗೆ ಮರಳುವುದೇ ಇಲ್ಲ. ಅದು ಹೊತ್ತ ಮಕರಂದವೂ ನಮ್ಮ ಬಾಟಲಿಗೆ ಬರುವುದಿಲ್ಲ. ಹೆಜ್ಜೇನು ವಲಸೆ ಹೋಗುವ ಜೀವಿ, ಬಹುದೂರ ಮೇಯುವಂಥದು. ಅದರ ಜೇನು ಯಾವ ಗ್ರಾಮದ ಸಾಕ್ಷಿ ಎಂದು ನಿರ್ಧರಿಸುವುದು ಕಷ್ಟ. ನಮ್ಮಲ್ಲಿ ಮಾರಾಟವಾಗುವ ಕಾಡುಜೇನಿನಲ್ಲಿ ದೊಡ್ಡ ಪಾಲು ಹೆಜ್ಜೇನಿನದೇ ಆಗಿರುವುದರಿಂದ ಪೇಟೆಯ ಬಾಟಲಿಯನ್ನು ಪರೀಕ್ಷಿಸಿ ನಕ್ಷೆ ಬರೆಯಲಾಗದು. ಗೊತ್ತಾದ ಜಾಗದಲ್ಲಿಟ್ಟ ತುಡುವೆ ಪೆಟ್ಟಿಗೆಗಳೇ ಬೇಕು. ಅವಕ್ಕೆ ಮಳೆಗಾಲದಲ್ಲಿ ಸಕ್ಕರೆ ಪಾಕ ಉಣಿಸಿದ್ದರೆ ಆ ಅಂಶವನ್ನೂ ಬರೆದಿಡಬೇಕು.

ಗೂಡು ಖಾಲಿಯಾದಾಗಲೆಲ್ಲ ಕೀಟನಾಶಕವನ್ನೇ ದೂರುವುದೂ ಸರಿಯಲ್ಲ. 1991-92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ. ಜೇನು ವ್ಯವಸಾಯವನ್ನು ನಂಬಿದ್ದ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಸಹಕಾರ ಸಂಘಗಳು ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಅಳತೆ ಬೇಕೆನ್ನುವುದು ಇದಕ್ಕಾಗಿಯೇ. ಊಹೆಯಿಂದ ಯಾರನ್ನೋ ಆರೋಪಿಸುವುದಕ್ಕಿಂತ ಪ್ರಯೋಗಾಲಯದ ಅಂಕಿಯನ್ನು ಮುಂದಿಡುವುದು ಎಲ್ಲರಿಗೂ ಕ್ಷೇಮ.

ಸದಸ್ಯರಲ್ಲಿ ಕೆಲವರು ಎತ್ತಬಹುದಾದ ಆಕ್ಷೇಪವೊಂದಿದೆ, ಅದು ಹಗುರವಾದುದಲ್ಲ. 'ನಾವಾಗಿಯೇ ಪರೀಕ್ಷೆ ಮಾಡಿಸಿ, ಏನಾದರೂ ಸಿಕ್ಕಿ, ಅದನ್ನು ನಾವೇ ಪ್ರಕಟಿಸಿದರೆ ಇದ್ದ ಮಾರುಕಟ್ಟೆಯೂ ಹೋಗುವುದಿಲ್ಲವೇ? ಹುಣ್ಣನ್ನು ಕೆರೆದು ದೊಡ್ಡದು ಮಾಡಿಕೊಂಡಂತಾಗುವುದಿಲ್ಲವೇ?' ಎಂಬುದೇ ಆ ಆಕ್ಷೇಪ. ನಾವು ಸುಮ್ಮನಿದ್ದ ಮಾತ್ರಕ್ಕೆ ಬೇರೆಯವರೂ ಸುಮ್ಮನಿರುವರೆಂಬ ಭರವಸೆ ಇದ್ದರೆ ಈ ವಾದವನ್ನು ಒಪ್ಪಬಹುದಿತ್ತು. ಆದರೆ ಕಳೆದ ಎರಡು ದಶಕಗಳ ವೃತ್ತಾಂತ ಬೇರೆಯಾಗಿದೆ.

2010ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟವು ಭಾರತದ ಜೇನಿನ ಆಮದನ್ನು ನಿಲ್ಲಿಸಿತು. ಉಳಿಕೆಗಳ ಮೇಲಿನ ನಿಗಾ ಸಮರ್ಪಕವಾಗಿಲ್ಲ, ಜೇನಿನ ಮೂಲವನ್ನು ಪತ್ತೆಹಚ್ಚುವ ವ್ಯವಸ್ಥೆಯಿಲ್ಲ ಎಂಬುದು ಮುಖ್ಯ ದೂರು. ಆ ಬಾಗಿಲು ಮತ್ತೆ ತೆರೆಯಲು 2011ರ ಕೊನೆಯವರೆಗೆ ಕಾಯಬೇಕಾಯಿತು. ಅದೇ 2010ರ ಸೆಪ್ಟೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪೇಟೆಯ 12 ಬ್ರ್ಯಾಂಡುಗಳ ಜೇನನ್ನು ಪರೀಕ್ಷಿಸಿ 11ರಲ್ಲಿ ಪ್ರತಿಜೀವಕಗಳ ಅಂಶವಿದೆಯೆಂದು ಸಾರಿತು. ಹೊರದೇಶಕ್ಕೆ ಹೋಗುವ ಜೇನಿಗೆ ರಫ್ತು ತಪಾಸಣಾ ಮಂಡಳಿಯ ನಿಗಾ, ನಮ್ಮ ಮಕ್ಕಳು ತಿನ್ನುವ ಜೇನಿಗೆ ಯಾವ ಮಿತಿಯೂ ಇಲ್ಲ ಎಂಬ ಆಗಿನ ವಿಪರ್ಯಾಸವೂ ಬಯಲಾಯಿತು. 2020ರ ಡಿಸೆಂಬರಿನಲ್ಲಿ ಅದೇ ಕೇಂದ್ರವು 13 ಬ್ರ್ಯಾಂಡುಗಳಲ್ಲಿ 10 ಬ್ರ್ಯಾಂಡುಗಳು ಜರ್ಮನಿಯಲ್ಲಿ ನಡೆಸಿದ ಎನ್‌ಎಂಆರ್ ಪರೀಕ್ಷೆಯಲ್ಲಿ ಶುದ್ಧತೆಯ ಮಾನಕ ಮುಟ್ಟಲಿಲ್ಲವೆಂದು ಪ್ರಕಟಿಸಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳು ಎಥಿಲೀನ್ ಆಕ್ಸೈಡ್ ಕಾರಣದಿಂದ ಭಾರತದ ಕೆಲವು ಮಸಾಲೆಗಳನ್ನು ಅಂಗಡಿಗಳಿಂದ ತೆಗೆಸಿದವು. ಈ ಯಾವ ಸಂದರ್ಭದಲ್ಲಿಯೂ ಪರೀಕ್ಷೆಯನ್ನು ಆರಂಭಿಸಿದವರು ವರ್ತಕರಲ್ಲ. ಎಲ್ಲ ಸಂದರ್ಭಗಳಲ್ಲಿಯೂ ನಷ್ಟವನ್ನು ಹೊತ್ತವರಲ್ಲಿ, ಏನೂ ತಪ್ಪು ಮಾಡದ ವರ್ತಕರೂ ಇದ್ದರು.

ಇದಕ್ಕೆ ಪ್ರತಿಯಾಗಿ ದ್ರಾಕ್ಷಿಯ ಉದಾಹರಣೆ ನೋಡಿ. 2003ರಲ್ಲಿ ಐರೋಪ್ಯ ಮಾರುಕಟ್ಟೆಯಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಪತ್ತೆಯಾಗಿ ರಫ್ತುದಾರರು ಕಂಗಾಲಾದರು. ಅನಂತರ ಅಪೆಡಾ ಸಂಸ್ಥೆಯು ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಸಹಯೋಗದಲ್ಲಿ ಉಳಿಕೆಗಳ ನಿಗಾ ಯೋಜನೆಯನ್ನು ಜಾರಿಗೆ ತಂದಿತು. 2006ರಲ್ಲಿ ಗ್ರೇಪ್‌ನೆಟ್ ಎಂಬ ಗಣಕ ವ್ಯವಸ್ಥೆ ಬಂದಿತು. ತೋಟಕ್ಕೊಂದು ನೋಂದಣಿ ಸಂಖ್ಯೆ, ಕೊಯ್ಲಿಗೆ ಮುನ್ನ ಮಾದರಿ, ವರದಿ ಬಂದ ಮೇಲಷ್ಟೇ ಸಾಗಾಟ ಎಂಬ ಕ್ರಮ ನೆಲೆಗೊಂಡಿತು. 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆಯಿಂದ ಮತ್ತೊಮ್ಮೆ ಆಘಾತವಾಯಿತು, ಏಕೆಂದರೆ ಆ ವಸ್ತು ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಗೆ ಸೇರಿಸಿದರು, ವ್ಯಾಪಾರ ಮುಂದುವರಿಯಿತು. ವರದಿಗೆ ಹೆದರಿದ ಉದ್ಯಮ ಅಲ್ಲಿಯೇ ನಿಂತುಹೋಗುತ್ತಿತ್ತು.

ಇನ್ನೊಂದು ಸೂಕ್ಷ್ಮ ವಿಚಾರವನ್ನು ಮುಚ್ಚಿಡದೆ ಹೇಳಬೇಕು. ಜೇನು ಮಾರುವವರೂ ಕೀಟನಾಶಕ ಮಾರುವವರೂ ನಮ್ಮ ಸಂಸ್ಥೆಯ ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಎಷ್ಟೋ ಕಡೆ ಒಂದೇ ಮನೆತನದ ಅಣ್ಣ ಕೃಷಿ ಪರಿಕರಗಳ ಅಂಗಡಿ ನಡೆಸಿದರೆ ತಮ್ಮ ಕಾಡುತ್ಪನ್ನಗಳ ವ್ಯಾಪಾರ ಮಾಡುತ್ತಾನೆ. ಇಂತಹ ಸಂಸ್ಥೆಯು ಜೇನಿನ ಪರೀಕ್ಷೆಗೆ ಮುಂದಾದರೆ ಪರಿಕರ ವ್ಯಾಪಾರಿಗಳಿಗೆ ಅಸಮಾಧಾನವಾಗುವುದು ಸಹಜ. ಆದರೆ ರೈತನು ಯಾವ ಹುಳುವಿಗೆ ಯಾವ ಔಷಧ, ಎಷ್ಟು ಮಿಲಿಲೀಟರ್ ಎಂದು ಕೇಳುವುದು ಕೃಷಿ ಅಧಿಕಾರಿಯನ್ನಲ್ಲ, ಅಂಗಡಿಯವರನ್ನೇ. ಈ ವಾಸ್ತವವನ್ನು ಮನಗಂಡು ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು ಪರಿಕರ ಮಾರಾಟಗಾರರಿಗಾಗಿ 2003ರಿಂದ ಒಂದು ವರ್ಷದ ಡಿಪ್ಲೊಮಾವನ್ನೇ ನಡೆಸುತ್ತ ಬಂದಿದೆ. ಹೂಬಿಟ್ಟ ಬೆಳೆಗೆ ಸಿಂಪಡಿಸಬೇಡಿ, ಅನಿವಾರ್ಯವಾದರೆ ನೊಣಗಳು ಗೂಡು ಸೇರಿದ ಸಂಜೆಯ ಮೇಲೆ ಸಿಂಪಡಿಸಿ ಎಂಬ ಎರಡು ಮಾತುಗಳನ್ನು ರಸೀದಿಯೊಡನೆ ಹೇಳಲು ಯಾವ ಬಂಡವಾಳವೂ ಬೇಕಿಲ್ಲ. ಜೇನಿನ ವರದಿಯಲ್ಲಿ ಒಂದು ನಿರ್ದಿಷ್ಟ ಔಷಧ ಮತ್ತೆ ಮತ್ತೆ ಕಾಣಿಸಿದರೆ ಅದರ ಬದಲಿಗೆ ಯಾವುದನ್ನು ಸೂಚಿಸಬಹುದೆಂದು ಹೇಳಬಲ್ಲವರೂ ಇದೇ ವ್ಯಾಪಾರಿಗಳು. ಅವರನ್ನು ಹೊರಗಿಟ್ಟು ಈ ಕಾರ್ಯ ನಡೆಯದು. ಅವರ ವಂತಿಗೆಯೂ ಇದರಲ್ಲಿರಬೇಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಜೇನು ಕೀಳುವವರ ಬಗೆಗೆ. ಎತ್ತರದ ಮರದಿಂದ ರಾತ್ರಿಯ ಹೊತ್ತು ಹೆಜ್ಜೇನು ಇಳಿಸುವ ಸಿದ್ದಿ, ಪೊಟರೆಯ ತುಡುವೆಯನ್ನು ಪೆಟ್ಟಿಗೆಗೆ ತುಂಬಿ ಸಾಕುವ ಕುಣಬಿ, ಇವರಲ್ಲಿ ಯಾರೂ ಕಬ್ಬಿಗೆ ಔಷಧ ಸುರಿದವರಲ್ಲ. ನಾಳೆ ಅವರ ಜೇನಿನಲ್ಲಿ ಇಮಿಡಾಕ್ಲೋಪ್ರಿಡ್ ಸಿಕ್ಕಿತೆನ್ನಿ. ವ್ಯಾಪಾರದ ರೂಢಿಯಂತೆ ನಡೆದರೆ ಮೊದಲು ಬೀಳುವುದು ಅವರ ಬೆಲೆ. ಮಾಲು ಕಳಪೆ ಎಂದು ಕಿಲೋಗೆ ಇಷ್ಟು ಕಡಿತ ಮಾಡುತ್ತೇವೆ, ಸಿಂಪಡಿಸಿದವನಿಗೂ ಮಾರಿದವನಿಗೂ ಏನೂ ತಗುಲುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಜೇನನ್ನು ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸಿ ಅದರ ಮೇಲಿನ ಹಕ್ಕನ್ನು ಕಾಡುವಾಸಿಗಳಿಗೆ ಕೊಟ್ಟಿದೆ. ಆದರೆ ಬೆಲೆ ಕಟ್ಟುವವರು ನಾವೇ. ಆದುದರಿಂದ ಯೋಜನೆಯ ಮೊದಲ ಕರಾರೇ ಇದಾಗಿರಬೇಕು: ಪರೀಕ್ಷೆಗಿಟ್ಟ ಪೆಟ್ಟಿಗೆಗಳ ಫಲಿತಾಂಶವನ್ನು ಮುಂದಿಟ್ಟು ಆ ಗ್ರಾಮದ ಜೇನು ಸಂಗ್ರಾಹಕರ ಖರೀದಿ ದರವನ್ನು ಆ ಹಂಗಾಮಿನಲ್ಲಿ ಯಾವ ಸದಸ್ಯರೂ ಇಳಿಸತಕ್ಕದ್ದಲ್ಲ. ಈ ಕರಾರಿಗೆ ಸಹಿ ಹಾಕಲು ಒಪ್ಪದಿದ್ದರೆ ಪರೀಕ್ಷೆಯ ಮಾತನ್ನೇ ಎತ್ತದಿರುವುದು ಒಳಿತು, ಏಕೆಂದರೆ ಆಗ ಯಾರೂ ನಮಗೆ ನಿಜವಾದ ಮಾದರಿ ಕೊಡುವುದಿಲ್ಲ.

ಕಾರ್ಯವಿಧಾನದ ಬಗೆಗೆ ಒಂದು ಸ್ಥೂಲ ರೂಪರೇಖೆಯನ್ನು ಇಲ್ಲಿ ಸೂಚಿಸಬಹುದು. ನಾಲ್ಕು ತಾಲ್ಲೂಕುಗಳಲ್ಲಿ ಒಟ್ಟು 20 ಸ್ಥಳಗಳು ಸಾಕು. ಜೊಯಿಡಾದಲ್ಲಿ ಉಳವಿ, ಗುಂದ, ಕುಂಬಾರವಾಡ, ಜಗಲಬೇಟ, ರಾಮನಗರ. ದಾಂಡೇಲಿಯ ಸುತ್ತ ಮೂರು ಕಡೆ. ಮಿಕ್ಕವು ಹಳಿಯಾಳದ ತೇರಗಾಂವ, ಮುರ್ಕವಾಡ, ಸಾಂಬ್ರಾಣಿ ಹಾಗೂ ಮುಂಡಗೋಡದ ಪಾಳಾ, ಇಂದೂರ, ಮಳಗಿಗಳಂತಹ ಕಡೆಗಳಲ್ಲಿ. ಪ್ರತಿ ಸ್ಥಳದಲ್ಲಿ ಎರಡು ತುಡುವೆ ಪೆಟ್ಟಿಗೆ, ಎಲ್ಲವೂ ಮಾಲ್ಕಿ ಜಮೀನಿನಲ್ಲಿ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಡಹೊರಟರೆ ಪರವಾನಗಿಯಲ್ಲೇ ಎರಡು ವರ್ಷ ಕಳೆದೀತು. ವರ್ಷಕ್ಕೆ ಎರಡು ಬಾರಿ, ಬೇಸಿಗೆಯ ಆರಂಭದಲ್ಲೊಮ್ಮೆ ಮತ್ತು ಮಳೆಗೆ ಮುನ್ನ ಒಮ್ಮೆ, ಮಾದರಿ ತೆಗೆಯುವುದು. ಅಲ್ಲಿಗೆ ವರ್ಷಕ್ಕೆ 40 ಜೇನಿನ ಮಾದರಿಗಳು, ಜೊತೆಗೆ ಆಯ್ದ ಕಡೆಗಳ ಮೇಣ ಮತ್ತು ಪರಾಗ. ಮಾದರಿ ತೆಗೆಯುವವರು ಸದಸ್ಯರಾಗಿರಬಾರದು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನೋ ವಿನಂತಿಸಿಕೊಳ್ಳಬೇಕು. ಬಾಟಲಿಗಳಿಗೆ ಊರಿನ ಹೆಸರು ಬೇಡ, ಸಂಖ್ಯೆ ಮಾತ್ರ.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆಗಳ ಮಾನ್ಯತೆ ಪಡೆದ ಪ್ರಯೋಗಾಲಯವಿದೆ. ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ಬೇಕಾದ ಸೂಕ್ಷ್ಮತೆ ಎಷ್ಟೆಂದರೆ, ಅನೇಕ ಕೀಟನಾಶಕಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಮಿತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ, ನೂರು ಟನ್ ಜೇನಿನಲ್ಲಿ ಒಂದು ಗ್ರಾಂ ಬೆರೆತಂತೆ. ನೆಲದ ಸ್ಥಿತಿ ತಿಳಿಯಲು ಇದಕ್ಕೂ ಕೆಳಗಿನ ಪ್ರಮಾಣವನ್ನು ಅಳೆಯಬಲ್ಲ ಪರೀಕ್ಷೆ ಬೇಕು; 'ಮಿತಿಯೊಳಗಿದೆ' ಎಂಬ ಒಂದು ಸಾಲಿನ ಪ್ರಮಾಣಪತ್ರ ಇಲ್ಲಿ ಪ್ರಯೋಜನಕ್ಕೆ ಬಾರದು, ಅಂಕಿಯೇ ಬೇಕು. ಪ್ರಯೋಗಾಲಯಗಳಿಂದ ದರಪಟ್ಟಿ ತರಿಸಿಕೊಂಡು ಮೊತ್ತವನ್ನು ಸದಸ್ಯರ ವಹಿವಾಟಿಗೆ ಅನುಗುಣವಾಗಿ ಹಂಚಬಹುದು. ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಅಭಿಯಾನದಂತಹ ಕೇಂದ್ರ ಯೋಜನೆಗಳ ನೆರವನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅನುದಾನ ಬರಲೆಂದು ಕಾಯುತ್ತ ಕುಳಿತರೆ ಈ ಪ್ರಸ್ತಾವವೂ ನಮ್ಮ ಹಳೆಯ ಠರಾವುಗಳ ಕಡತ ಸೇರುತ್ತದೆ.

ಮೊದಲ ವರ್ಷದ ಅಂಕಿಗಳಿಂದ ಯಾವ ತೀರ್ಮಾನಕ್ಕೂ ಬರಲಾಗದೆಂದು ತಜ್ಞರು ಹೇಳುವರು, ಅದು ಸರಿಯೇ. ಮೂರು ವರ್ಷಗಳ ಅಂಕಿಗಳು ಒಟ್ಟಾದರೆ ಏರಿಳಿತ ತಿಳಿಯತೊಡಗುತ್ತದೆ. ಆದಕಾರಣ ಒಂದು ವರ್ಷದ ಉತ್ಸಾಹಕ್ಕೆ ಹಣ ತೆಗೆದಿಡದೆ ಮೂರು ವರ್ಷಕ್ಕೆ ಒಟ್ಟಿಗೆ ತೆಗೆದಿಡಬೇಕು. ನಮ್ಮ ಭಾಗದಲ್ಲಿ ತುಡುವೆ ಕುಟುಂಬಗಳನ್ನು ಪೆಟ್ಟಿಗೆಗೆ ಕೂಡಿಸಲು ದೀಪಾವಳಿಯ ನಂತರದ ತಿಂಗಳುಗಳು ಅನುಕೂಲ. ಪೆಟ್ಟಿಗೆಗಳನ್ನು ಮಾಡಿಸಲು, ಸ್ಥಳಗಳ ಮಾಲೀಕರೊಡನೆ ಮಾತುಕತೆ ನಡೆಸಲು, ಸಂಗ್ರಾಹಕರ ದರದ ಕರಾರಿಗೆ ಸದಸ್ಯರ ಸಹಿ ಪಡೆಯಲು ಕನಿಷ್ಠ ಎರಡು ತಿಂಗಳು ಹಿಡಿಯುತ್ತದೆ. ಕಾರ್ಯಕಾರಿ ಸಮಿತಿಯು ಗಣೇಶ ಚೌತಿಯ ಮುಂಚಿನ ಸಭೆಯಲ್ಲಿಯೇ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕೆಂದೂ, ಆ ಸಭೆಗೆ ಪರಿಕರ ವ್ಯಾಪಾರಿಗಳ ಜೊತೆಗೆ ಜೊಯಿಡಾದ ಜೇನು ಸಂಗ್ರಾಹಕರಲ್ಲಿ ನಾಲ್ವರನ್ನಾದರೂ ಆಹ್ವಾನಿಸಬೇಕೆಂದೂ ವಿನಂತಿ.